ಮಲಗಿದ್ದ ಇಪ್ಪತ್ತೊಂಬತ್ತು

ನಮ್ಮ ಮನೆಯಲ್ಲಿ ಅಂಕೆಗಳು ನಿದ್ದೆ ಹೋಗುತ್ತಿದ್ದವು. ಬಹಳ ಹೊತ್ತು ಬಾರದ ಅಂಕೆಯನ್ನು ಮಾಂಟೆ ಕಾರ್ಲೊದ ಆಟಗಾರರು 'ಮಲಗಿದೆ' ಎನ್ನುತ್ತಾರೆ. ಸಣ್ಣವಳಿದ್ದಾಗ ನಾನು ಅದನ್ನು ನಿಜವೆಂದೇ ನಂಬಿದ್ದೆ. ರೂಲೆಟ್ ಜೂಜಿನ ಚಕ್ರದ ಗುಳಿಗಳಲ್ಲಿ ಅವು ಮುದುಡಿ ಮಲಗಿರುತ್ತವೆ, ದಂತದ ಚೆಂಡು ಉರುಳಿ ಬಂದು ಒಂದೊಂದನ್ನೇ ತಟ್ಟಿ ಎಬ್ಬಿಸುತ್ತದೆ ಎಂದುಕೊಂಡಿದ್ದೆ.

ಕ್ಯಾಸಿನೊದ ಮೇಲಿನ ಗುಡ್ಡದಲ್ಲಿ, ಮೆಟ್ಟಿಲುಬೀದಿಯ ತುದಿಗೆ ನಮ್ಮ ಮನೆ. ಅಜ್ಜಿ ಒನೊರಿನಾ ಅದರ ಕೋಣೆಗಳನ್ನು ಆಟಗಾರರಿಗೆ ಬಾಡಿಗೆಗೆ ಕೊಡುತ್ತಿದ್ದಳು. ಪ್ರತಿಯೊಬ್ಬರೂ ಸೋಲದ ಲೆಕ್ಕವೊಂದನ್ನು ತಂದವರೇ. "ಗೆಲ್ಲೋ ದಾರಿ ಗೊತ್ತಿಲ್ದೋರು ಯಾರೂ ಈ ಮನೆಗೆ ಬಂದಿಲ್ಲ. ಗೆದ್ದು ದೊಡ್ಡ ಮನೆ ಹಿಡಿದೋರನ್ನೂ ನಾನು ಕಂಡಿಲ್ಲ," ಎಂದು ಸೌಟು ಆಡಿಸುತ್ತ ಹೇಳುವಳು. ಆದರೂ ಆ ವರ್ಷ ಅವಳೇ ಒಬ್ಬರನ್ನು ನಂಬಿದಳು.

ಅವರು ದೆಲ್ವೋ ಮೇಷ್ಟ್ರು. ಬೆಲ್ಜಿಯಂನ ಯಾವುದೋ ಊರಲ್ಲಿ ಗಣಿತ ಹೇಳಿಕೊಟ್ಟವರು. ಅಡುಗೆಮನೆಯ ಕಿಟಕಿಯ ಬಳಿ ಗುಳಿಗುಳಿಯ ಹಲಗೆ ಇಟ್ಟುಕೊಂಡು, ಮಧ್ಯಾಹ್ನದ ಆಟದಲ್ಲಿ ಬಂದ ಅಂಕೆಗಳಿಗೆಲ್ಲ ಅಜ್ಜಿಯಿಂದ ಕಡ ತಂದ ಕಡಲೆಕಾಳು ಹಾಕುತ್ತಿದ್ದರು. ಒಂದು ವಾರ ಇಪ್ಪತ್ತೊಂಬತ್ತರ ಗುಳಿ ಖಾಲಿಯೇ ಉಳಿಯಿತು.

"ನೋಡಿ ಒನೊರಿನಮ್ಮ," ಎಂದರು ಮೇಷ್ಟ್ರು. "ಇದು ತುಂಬಾ ದಿನದಿಂದ ಮಲಗಿದೆ. ಎಷ್ಟು ತಡ ಮಾಡುತ್ತೋ ಅಷ್ಟು ಹತ್ತಿರ ಬಂತು ಅಂತ ಅರ್ಥ."

ಅಜ್ಜಿಯ ಕೈ ನಿಂತಿತು. ನನ್ನ ಅಪ್ಪ ಔಗುಸ್ತಿನ್‌ನ ದೋಣಿಯ ಮೂತಿಗೆ ಬಿಳಿ ಬಣ್ಣದಲ್ಲಿ ಬರೆದಿದ್ದ ಅಂಕೆ ಇಪ್ಪತ್ತೊಂಬತ್ತು.

ನನಗಿನ್ನೂ ಜಡೆ ಹೆಣೆದುಕೊಳ್ಳಲು ಬಾರದ ಕಾಲದಲ್ಲಿ, ಮೋಡವೇ ಇಲ್ಲದ ಒಂದು ಬೆಳಗ್ಗೆ, ಅಪ್ಪ ಮೀನಿಗೆ ಹೋದ. ಮೆಟ್ಟಿಲ ಮೇಲೆ ನಿಂತು ಅಜ್ಜಿ ಎಂದಿನಂತೆ "ಹೋಗಿ ಬಾ" ಎಂದಿದ್ದಳು. ದೋಣಿಯ ಒಂದು ಹಲಗೆಯೂ ದಡಕ್ಕೆ ಬರಲಿಲ್ಲ. ನಮ್ಮ ಕಡೆ, ಹೆಣ ಸಿಗದವನಿಗೆ ಅವನ ಹೆತ್ತವಳೇ ಹೋಗಿ ಕೇಳುವ ತನಕ ಇಗರ್ಜಿಯ ಗಂಟೆ ಹೊಡೆಯುವುದಿಲ್ಲ. ಅಜ್ಜಿ ಕೇಳಿರಲಿಲ್ಲ. ಹಾಗಾಗಿ ಅಮ್ಮ ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ.

ಅಮ್ಮ ತೆರೆಜಿನ್‌ಗೆ ಹೊಲಿಗೆಯ ಕೆಲಸ. ಚಕ್ರ ತಿರುಗಿಸುವ ಕ್ರೂಪಿಯೇಗಳ ಕೋಟಿಗೆ, ಹಣ ಜಾರಿಸದಂತೆ, ಜೇಬು ಇರಕೂಡದು. ಅವನ್ನು ಹೊಲಿದು ಮುಚ್ಚುತ್ತಿದ್ದಳು. ಬರ್ನಾರ್ದಿನ್ ಎಂಬ ಕ್ರೂಪಿಯೇ ಒಂದೇ ಕೋಟನ್ನು ಮತ್ತೆಮತ್ತೆ ತರುತ್ತಿದ್ದ.

"ನಿನ್ನ ಜೇಬಿಗೆ ಅದೇನು ಇಲಿ ಬೀಳುತ್ತೇನಪ್ಪ?" ಎಂದು ಅಜ್ಜಿ ಚುಚ್ಚುವಳು.

"ದಾರ ಹಳೇದು, ಅಮ್ಮಾವ್ರೇ."

"ದಾರ ಹೊಸದೇ. ಬಿಚ್ಚೋ ಕೈ ಹಳೇದು."

ಅಮ್ಮ ತಲೆಯೆತ್ತದೆ ಹೊಲಿಯುವಳು. ಕಿವಿ ಮಾತ್ರ ಕೆಂಪಾಗುವುದು. ಅವಳಿಗೆ ಅವನನ್ನು ಮದುವೆಯಾಗುವ ಆಸೆ. ಆ ವಸಂತದಲ್ಲಿ ಅವನಿಗೆ ಉತ್ತರದ ಊರೊಂದರಿಂದ ಕೆಲಸದ ಕರೆ ಬಂದಿತ್ತು. ಅಮ್ಮನಿಗೆ ಜೊತೆಗೆ ಬರಲಾಗದಿದ್ದರೆ ಒಬ್ಬನೇ ಹೋಗಬೇಕಿತ್ತು.

"ಅತ್ತೆ, ಒಂದು ಸಲ ಇಗರ್ಜಿಗೆ ಹೋಗಿ ಬನ್ನಿ," ಎಂದು ಕೊನೆಗೊಮ್ಮೆ ಅವಳು ಬಾಯಿಬಿಟ್ಟು ಕೇಳಿದಳು.

ಅಜ್ಜಿ ಖಾಲಿ ಗುಳಿಯನ್ನೇ ನೋಡುತ್ತಿದ್ದಳು. "ಶನಿವಾರ ಮೇಷ್ಟ್ರು ನಿನ್ನ ಬರ್ನಾರ್ದಿನ್ ಮೇಜಿಗೇ ಹೋಗ್ಲಿ. ಅವನೇ ಚಕ್ರ ತಿರುಗಿಸ್ಲಿ. ಇಪ್ಪತ್ತೊಂಬತ್ತು ಎದ್ರೆ ನನ್ನ ಮಗ ಇದಾನೆ. ಏಳದೇ ಇದ್ರೆ ಗಂಟೆ ಹೊಡಿಸ್ತೀನಿ."

"ಅದು ಮರದ ಚಕ್ರ ಅತ್ತೆ. ಅದಕ್ಕೇನು ಗೊತ್ತು?"

"ಗೊತ್ತಿಲ್ದಿದ್ರೆ ಇವರೆಲ್ಲ ಹೆಂಡ್ತಿ ಮಕ್ಕಳನ್ನ ಬಿಟ್ಟು ಅದರ ಮುಂದೆ ಯಾಕೆ ಕೂತಿರ್ತಾರೆ?"

ಮೇಷ್ಟ್ರು ಕೆಮ್ಮಿ ಹಲಗೆಯನ್ನು ಮೇಲಿನ ತಮ್ಮ ಕೋಣೆಗೆ ತೆಗೆದುಕೊಂಡು ಹೋದರು.

ನನಗೆ ಭಯವಾಯಿತು. ನನ್ನನ್ನು ಮಲಗಿಸುವಾಗ ಅಜ್ಜಿಯೇ ಹೇಳುತ್ತಿದ್ದ ಕತೆಯೊಂದು ನೆನಪಾಗಿತ್ತು. ಮುಳುಗಿದವನು ಒಂದು ದಿನ ಮನೆಬಾಗಿಲಿಗೆ ಬರುತ್ತಾನೆ. ಆದರೆ ಸಮುದ್ರವೂ ಅವನ ವೇಷದಲ್ಲಿ ಬರುತ್ತದೆ. ಮಗನಾದರೆ ಒಂದೇ ಸಲ ತಟ್ಟಿ ಕಾಯುತ್ತಾನೆ, ಒಳಗೆ ತಾಯಿ ಇದ್ದಾಳೆಂದು ಅವನಿಗೆ ಗೊತ್ತು. ಸಮುದ್ರ ಮತ್ತೆ ತಟ್ಟುತ್ತದೆ, ಮತ್ತೆ ತಟ್ಟುತ್ತದೆ. ಒಳಗೆ ಯಾರಿದ್ದಾರೆಂದು ಅದಕ್ಕೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ.

ಶನಿವಾರ ಗಾಳಿಯೇ ಇರಲಿಲ್ಲ. ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು, ಕೈಬಿಡುತ್ತಿದ್ದಳು. ಕೆಳಗೆ ಕ್ಯಾಸಿನೊದ ಹಸಿರು ಗುಮ್ಮಟದ ಆಚೆ ಸಮುದ್ರ ಎಣ್ಣೆಯಂತೆ ನಿಂತಿತ್ತು. ನನಗೆ ಅದರ ತಳದಲ್ಲಿ ದೊಡ್ಡದೊಂದು ಚಕ್ರ ಕಂಡಂತಾಯಿತು. ಅದರ ಗುಳಿಯೊಂದರಲ್ಲಿ ಅಪ್ಪ, ಕೆನ್ನೆಯಡಿ ಕೈಯಿಟ್ಟು.

ಬಿಸಿಲು ಇಳಿಯುವ ಮೊದಲೇ ಮೇಷ್ಟ್ರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಎದ್ದಿತು, ಒನೊರಿನಮ್ಮ. ಇಪ್ಪತ್ತೊಂಬತ್ತು ಎದ್ದಿತು. ನಾನು ಹೇಳಿರಲಿಲ್ವಾ?"

ಅಮ್ಮ ಹೊಲಿಯುತ್ತಿದ್ದ ಕೋಟನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಅಜ್ಜಿ ಎಣ್ಣೆ ಕಾಯಲಿಟ್ಟು, ಸೊಪ್ಪು ತುಂಬಿದ ಬಾರ್ಬಾಜುವಾನ್ ಕಡುಬುಗಳನ್ನು ಕರಿಯತೊಡಗಿದಳು. ಅಪ್ಪನಿಗೆ ಪ್ರಾಣವಾಗಿದ್ದ ತಿಂಡಿ. ಮೇಜಿನ ಮೇಲೆ ಹೆಚ್ಚಿನದೊಂದು ತಟ್ಟೆ ಬಂತು. ಅದರ ಮುಂದೆ ಕುರ್ಚಿ ಎಳೆದ ಸದ್ದು ನನಗೆ ಬಹಳ ಜೋರಾಗಿ ಕೇಳಿಸಿತು.

ದೀಪ ಹಚ್ಚುವ ಹೊತ್ತಿಗೆ ಬರ್ನಾರ್ದಿನ್ ಬಂದ. ಕೆಲಸದ ಕೋಟಿನಲ್ಲೇ ಇದ್ದ. ಕೈಯಿಡಲು ಜೇಬಿಲ್ಲದೆ ಎರಡೂ ಕೈ ಜೋತುಬಿದ್ದಿದ್ದವು.

"ಬಂದಿತಾ?" ಎಂದು ಅಮ್ಮ ಕೇಳಿದಳು. ಇಲ್ಲ ಎಂದುಬಿಡು ಎನ್ನುವಂತಿತ್ತು ಆ ದನಿ.

ಅವನು ತಟ್ಟೆಯನ್ನು ನೋಡಿದ. ಅಮ್ಮನನ್ನು ನೋಡಿದ. "ಬಂತು. ನಾನೇ ಕೂಗಿದೆ. ಇಪ್ಪತ್ತೊಂಬತ್ತು, ಕಪ್ಪು, ಬೆಸ."

ಅಜ್ಜಿ ಅವನ ಮುಂದೆ ನೀರಿಟ್ಟಳು. ಅವಳು ಅವನಿಗೆ ಆದರ ತೋರಿಸಿದ್ದು ಅದೇ ಮೊದಲು. "ಸುಳ್ಳು ಹೇಳ್ಬಹುದಿತ್ತು ನೀನು."

"ಹೇಳ್ಬಹುದಿತ್ತು. ಎರಡು ಸಲ ಕೂಗಿದ್ದನ್ನ ಯಾರ ಹತ್ತಿರ ಮುಚ್ಚಿಡ್ಲಿ ಹೇಳಿ. ಇಡೀ ಮೇಜು ಕೇಳಿದೆ."

"ಎರಡು ಸಲವಾ?"

"ಮೇಷ್ಟ್ರು ಹೇಳ್ಲಿಲ್ವಾ? ನಮ್ಮಲ್ಲಿ ಚೆಂಡು ಬಿದ್ದ ಗುಳಿಯಿಂದಲೇ ಎತ್ತಿ, ಚಕ್ರಾನ ಈ ಸಲ ಆ ಕಡೆಗೆ ತಿರುಗಿಸಿ, ಮತ್ತೆ ಎಸೀಬೇಕು. ಎಸೆದೆ. ಮತ್ತೆ ಅದೇ, ಇಪ್ಪತ್ತೊಂಬತ್ತು."

ಅಜ್ಜಿ ನಿಧಾನವಾಗಿ ಮೇಷ್ಟ್ರ ಕಡೆ ತಿರುಗಿದಳು. ಅವರ ಮುಖ ಸಣ್ಣದಾಗಿತ್ತು.

"ಎರಡನೇದರ ಮೇಲೆ ನಾನು ಏನೂ ಇಟ್ಟಿರ್ಲಿಲ್ಲ," ಎಂದರು. "ಈಗಷ್ಟೇ ಎದ್ದದ್ದು ಮತ್ತೆ ಏಳಬಾರದು. ನನ್ನ ಲೆಕ್ಕದ ಪ್ರಕಾರ ಅದು ಬಹಳ ದಿನ ಬರೋದೇ ಇಲ್ಲ. ಅದು... ಲೆಕ್ಕಕ್ಕೆ ಸೇರದ ವಿಷಯ ಅಂತ ಹೇಳ್ಲಿಲ್ಲ."

"ನಿಮ್ಮ ಲೆಕ್ಕ ಚಕ್ರಕ್ಕೆ ಗೊತ್ತಿತ್ತಾ ಮೇಷ್ಟ್ರೇ?"

ಬಾಣಲೆಯಲ್ಲಿ ಕಡುಬುಗಳು ಕಪ್ಪಾಗುತ್ತಿದ್ದವು. ಅಜ್ಜಿಗೆ ಆ ವಾಸನೆ ತಿಳಿಯಲೇ ಇಲ್ಲ.

"ನನಗಿದ್ದದ್ದು ಒಬ್ಬ ಮಗ," ಎಂದಳು. "ಒಂದು ಸಲ ಬಂದಿದ್ರೆ ಅವನೇ ಅಂತಿದ್ದೆ. ಎರಡನೇ ಸಲ ಬಂದದ್ದು ಯಾರು?"

ಅವಳು ನನ್ನ ಕಡೆ ನೋಡಿದಳು. ಆ ಕತೆ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ.

"ಸಮುದ್ರ, ಅಜ್ಜಿ," ಎಂದೆ.

ಅವಳು ತಲೆಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಇಗರ್ಜಿಗೆ ಹೊರಟಳು. ಅಮ್ಮ ಜೊತೆಗೆ ಹೋಗಲು ಎದ್ದರೆ ಬೇಡವೆಂದು ಕೈಯಲ್ಲೇ ಹೇಳಿದಳು.

ಮರುದಿನ ಬೆಳಗ್ಗೆ ಗಂಟೆ ಹೊಡೆಯಿತು. ಒಂದೇ ಏಟು ಸಾಕು, ಅವನಿಗೆ ಅರ್ಥವಾಗುತ್ತದೆ ಎಂದು ಅಜ್ಜಿ ಪಾದ್ರಿಗೆ ಹೇಳಿದ್ದಳಂತೆ. ಅಷ್ಟರಲ್ಲಾಗಲೇ ಮೇಷ್ಟ್ರು ಹಲಗೆಯ ಕಾಳುಗಳನ್ನು ಸುರಿದು ಹೊಸದಾಗಿ ಲೆಕ್ಕ ಶುರುಮಾಡಿದ್ದರು. ಮೇಲಿನ ಕೋಣೆಯಿಂದ ಕಾಳು ಬೀಳುವ ಸದ್ದು ಕೇಳುತ್ತಿತ್ತು. ಅಡುಗೆಮನೆಯಲ್ಲಿ ನಾವು ಮೂವರು ಹೆಂಗಸರು. ರಾತ್ರಿ ನಾನು ಅಮ್ಮನಿಗೂ ಆ ಕತೆ ಹೇಳಿದ್ದೆ. ಹೆಚ್ಚಿನ ತಟ್ಟೆ ಇನ್ನೂ ಮೇಜಿನ ಮೇಲೇ ಇತ್ತು.

ಗಂಟೆಯ ಮೊಳಗು ಸಮುದ್ರದ ಕಡೆಗೆ ಇಳಿದು ಹೋದ ಮೇಲೆ, ಬೀದಿಬಾಗಿಲನ್ನು ಯಾರೋ ತಟ್ಟಿದರು.

ಒಂದು ಸಲ.

ಅಮ್ಮನ ಬೆರಳುಗಳು ನನ್ನ ಮಣಿಕಟ್ಟಿಗೆ ಕಚ್ಚಿಕೊಂಡವು. ಮೇಲೆ ಕಾಳಿನ ಸದ್ದೂ ನಿಂತಿತು. ಎರಡನೆಯದಕ್ಕೆ ನಾವು ಕಾದೆವು. ಬರಲಿಲ್ಲ. ಹೊರಗೆ ಯಾರೋ ತಾಳ್ಮೆಯಿಂದ ನಿಂತಿರುವಂತಿತ್ತು.

ಅಜ್ಜಿ ಬಾಗಿಲಿನ ತನಕ ನಡೆದು ಹೋದಳು. ಚಿಲಕಕ್ಕೆ ಕೈ ಹಾಕಲಿಲ್ಲ. ಹಣೆಯನ್ನು ಬಾಗಿಲ ಹಲಗೆಗೆ ಆನಿಸಿದಳು. ಊರಿಗೆ ಹೊರಟ ಬಾಡಿಗೆಯವರಿಗೂ, ಭಿಕ್ಷೆಗೆ ಬಂದವರಿಗೂ, ಬೆಕ್ಕಿಗೂ "ಹೋಗಿ ಬಾ" ಎಂದೇ ಹೇಳುತ್ತಿದ್ದವಳು ಅವಳು.

"ಹೋಗಪ್ಪ," ಎಂದಳು.