ಒದ್ದೆ ಬಿಟ್ಟ ಗಾಜು

"ನಾನೇನು ಸುಳ್ಳು ಹೇಳ್ತೀನಾ? ನೀವೇ ನೋಡಿ," ಎನ್ನುತ್ತ ಕಟ್ಟಡದ ಮೇಲ್ವಿಚಾರಕಿ ಬೀಗದ ಕೈಗಳ ಗೊಂಚಲನ್ನು ಮೇಲಕ್ಕೆತ್ತಿ ತೋರಿಸಿದರು.

ಕಿಟಕಿ ತೊಳೆಯುವವಳು ಕತ್ತೆತ್ತಿದಳು. ಬೆನ್ನಿಗೆ ಇಪ್ಪತ್ತು ಲೀಟರಿನ ನೀರಿನ ಟ್ಯಾಂಕು ಕಟ್ಟಿಕೊಂಡು ಕತ್ತೆತ್ತುವುದು ಹುಡುಗಾಟವಲ್ಲ, ಭಾರ ಹಿಂದಕ್ಕೆ ಎಳೆಯುತ್ತದೆ. ಆದರೂ ನೋಡಿದಳು. ಹಿಂಬದಿಯ ಗೋಡೆಯ ಕಿಟಕಿಗಳೆಲ್ಲ ಹೋದ ಸಲ ತೊಳೆದು ಹೋದ ಹಾಗೇ ಫಳಫಳ ಅನ್ನುತ್ತಿದ್ದವು. ಮೂರನೇ ಮಹಡಿಯ ಮೂಲೆಯದೊಂದು ಬಿಟ್ಟು. ಅದರ ಮೇಲೆ ಉದ್ದಕ್ಕೂ ಬಾಗಿದ ಗೆರೆಗಳು, ಯಾರೋ ಎಣ್ಣೆಗೈಯಲ್ಲಿ ಸವರಿದ ಹಾಗೆ.

"ಮತ್ತೆ ಅದೇನಾ!" ಅವಳಿಗೆ ತಾನಾಗಿಯೇ ಬಾಯಿಂದ ಬಂತು.

"ಮತ್ತೆ ಅದೇ. ಮೊದಲನೇ ಸಲ ಹೋಗ್ಲಿ ಅಂದೆ. ಎರಡನೇ ಸಲ ದೂರು ಹೇಳಿ ಬಿಟ್ಟೆ. ಇವತ್ತೂ ಹಾಗೇ ಆದ್ರೆ ನನಗೆ ಏಣಿ ಕೆಲಸವೇ ಸಾಕಮ್ಮ. ನಿಮ್ಮ ಯಜಮಾನ್ರೇ ನಿನ್ನೆ ಫೋನ್ ಮಾಡಿದ್ರಲ್ಲ, 'ಕೋಲಿನ ಕೈಲಿ ಆಗದಿದ್ರೆ ಹೇಳಿ ಮೇಡಂ, ನಾನೇ ಏಣಿ ತರ್ತೀನಿ' ಅಂತ."

ಗಂಡ ಫೋನ್ ಮಾಡಿದ್ದು ಅವಳಿಗೆ ಗೊತ್ತಿರಲಿಲ್ಲ. ನಿನ್ನೆ ಸಂಜೆ ಅವನು ಗೋಡೆಯ ಮೊಳೆಯಿಂದ ಏಣಿ ಇಳಿಸಿಕೊಂಡು ಅದರ ಕಾಲಿಗೆ ಹೊಸ ರಬ್ಬರ್ ಹಾಕುತ್ತಿದ್ದುದನ್ನು ಕಂಡಿದ್ದಳು. ಮಾರೋದಕ್ಕಿರಬೇಕು ಅಂದುಕೊಂಡು, ಪೆದ್ದಿ, ಖುಷಿಯೂ ಪಟ್ಟಿದ್ದಳು.

ಆ ಏಣಿಯಿಂದ ಬಿದ್ದವರು ಅವಳ ಮಾವ. ಊರಿನ ಅರ್ಧ ಗಾಜು ಅವರ ಕೈಯಲ್ಲೇ ಹೊಳೆದಿತ್ತು. ಎರಡು ವರ್ಷದ ಹಿಂದೆ, ಗಾಳಿಯಿಲ್ಲ ಮಳೆಯಿಲ್ಲ, ಇಳಿಯುವಾಗ ಮೆಟ್ಟಿಲೇ ಇಲ್ಲದ ಕಡೆ ಕಾಲಿಟ್ಟರು. ಗಂಡ ಕೆಳಗೆ ಏಣಿ ಹಿಡಿದಿದ್ದ, ಅವಳು ಬಕೆಟ್ ತರುತ್ತಿದ್ದಳು. ಬಿದ್ದ ಸದ್ದು ಅವಳಿಗೆ ಈಗಲೂ ಒಮ್ಮೊಮ್ಮೆ ಊಟ ಮಾಡುವಾಗ ಕೇಳುತ್ತದೆ. ಮಾವನ ಕಾಲಿಗೆ ರಾಡು ಬಂತು, ಕೈಗೆ ಊರುಗೋಲು ಬಂತು. ಇನ್ನು ಈ ಮನೆಯಲ್ಲಿ ಯಾರೂ ಏಣಿ ಹತ್ತಕೂಡದು ಎಂದು ಹಟ ಹಿಡಿದು ಅವಳೇ ಈ ಬೆನ್ನಿನ ಟ್ಯಾಂಕು, ಉದ್ದ ಕೋಲು ತಂದು ಕೆಲಸ ಕಲಿತಳು. ಗಂಡ ಮೂಗು ಮುರಿದ. "ಗಾಜು ಮುಟ್ಟದೆ ಗಾಜು ತೊಳೀತಾಳಂತೆ, ಮಹಾರಾಣಿ!" ಎಂದು ಆಡಿಕೊಂಡ. ಈಗ ಒಂದು ಹಾಳು ಕಿಟಕಿ ಅವನ ಮಾತನ್ನೇ ನಿಜ ಮಾಡಲು ಹೊರಟಿತ್ತು.

ಹಟದ ಜೊತೆಗೆ ಅವಳಿಗೆ ಕುತೂಹಲವೂ ತಡೆಯಲಾರದಷ್ಟಿತ್ತು. ಅದೇ ನೀರು, ಅದೇ ಬ್ರಷ್ಷು, ಅದೇ ಕೈ. ಪಕ್ಕದ ಕಿಟಕಿ ಸ್ವಚ್ಛ, ಇದು ಮಾತ್ರ ಹೀಗೆ. ಇದೆಂಥ ಚೇಷ್ಟೆ? ನೀರಿನಲ್ಲಿ ದೋಷವಿರಲಿಲ್ಲ. ನಲ್ಲಿಯ ನೀರು ಗಾಜಿನ ಮೇಲೆ ಆರಿದರೆ ಬಿಳಿ ಚುಕ್ಕೆ ಉಳಿಯುತ್ತದೆ, ಅದಕ್ಕೇ ಮನೆಯಲ್ಲಿ ಫಿಲ್ಟರಿಗೆ ಹಾಕಿ ಅದರ ಉಪ್ಪನ್ನೆಲ್ಲ ತೆಗೆದು, ಮೀಟರ್ ಅದ್ದಿ ಸೊನ್ನೆ ಬಂದ ಮೇಲೆಯೇ ಟ್ಯಾಂಕಿಗೆ ತುಂಬುವುದು. ಆ ನೀರಿನಲ್ಲಿ ಉಜ್ಜಿ, ಅದರಲ್ಲೇ ಜಾಲಾಡಿಸಿ, ಹನಿ ಹನಿಯಾಗಿ ಹಾಗೇ ಬಿಟ್ಟು ಬಂದರಾಯಿತು. ಒರೆಸುವ ಹಾಗಿಲ್ಲ. ತಾನಾಗಿ ಆರಿ, ಗಾಜು ಇದೆಯೋ ಇಲ್ಲವೋ ಅನ್ನುವಷ್ಟು ತಿಳಿಯಾಗುತ್ತದೆ. ಮೇಲಿನ ಚೌಕಟ್ಟಿನಿಂದ ಕೊಳೆ ಸುರಿಯುತ್ತಿರಬಹುದೆಂದು ಹೋದ ಸಲ ಅದನ್ನೂ ತಿಕ್ಕಿದ್ದಳು. ಪಾರಿವಾಳಗಳ ಮೇಲೂ ಅನುಮಾನ ಪಟ್ಟಾಗಿತ್ತು. ಆದರೆ ಪಾರಿವಾಳ ಬಾಗಿದ ಗೆರೆ ಎಳೆಯುತ್ತದೆಯೇ?

"ಇವತ್ತು ಇದರ ಜಾತಕ ನೋಡೇ ಬಿಡ್ತೀನಿ ಮೇಡಂ," ಎಂದಳು.

ಹಿಂಬದಿಯ ಗೇಟಿನಾಚೆ ನಿಂತ ಬಿಳಿ ವ್ಯಾನಿನ ಮುಂದಿನ ಸೀಟಿನಲ್ಲಿ ಮಾವ ಕೂತಿದ್ದರು. ಮನೆಯಲ್ಲಿ ಒಬ್ಬರೇ ಇರಲು ಬೇಜಾರು, ವ್ಯಾನಾದರೂ ಕಾಯುತ್ತೇನೆ ಎಂದು ದಿನಾ ಜೊತೆಗೆ ಬರುತ್ತಿದ್ದರು. ಅವಳು ಹೋಗಿ ಟ್ಯಾಂಕಿನ ಬ್ಯಾಟರಿ ಬದಲಿಸಿಕೊಂಡಳು.

"ಏನಂತೆ ಆಯಮ್ಮ?" ಎಂದು ಕೇಳಿದರು ಮಾವ.

"ಅದೇ ಮೂಲೆ ಕಿಟಕಿ. ಇವತ್ತು ಸರಿ ಹೋಗದಿದ್ರೆ ನಾಳೆಯಿಂದ ನಿಮ್ಮ ಮಗ ಏಣಿ ಹತ್ತುತ್ತಾರಂತೆ."

ಮಾವನ ಮುಖ ಸಣ್ಣದಾಯಿತು. "ಬೇಡಮ್ಮ, ಅದೊಂದು ಬೇಡ," ಎಂದರು. ಸ್ವಲ್ಪ ಹೊತ್ತು ಊರುಗೋಲಿನ ಹಿಡಿ ಸವರಿ, "ನೀನು ತೊಳಿ. ಎಲ್ಲಾ ಸರಿ ಹೋಗುತ್ತೆ, ನಾನಿದ್ದೀನಲ್ಲ," ಎಂದರು. ನೀವಿದ್ದು ಏನು ಮಾಡ್ತೀರಿ ಮಾವ ಎಂದು ಕೇಳಬೇಕೆನಿಸಿತು ಅವಳಿಗೆ. ಪಾಪ ಅನಿಸಿ ಟ್ಯಾಂಕಿನ ಪಟ್ಟಿ ಬಿಗಿದುಕೊಂಡು ಹೊರಟಳು.

ಹುಲ್ಲಿಗೆ ಬಂದು ಕೋಲನ್ನು ಒಂದೊಂದೇ ಗೇಣಾಗಿ ಎಳೆದು ಉದ್ದ ಮಾಡಿದಳು. ಪಂಪು ಬೆನ್ನ ಹಿಂದೆ ಜುಂಯ್ ಎಂದು ಹಾಡತೊಡಗಿತು. ಮೇಲೆ ಬ್ರಷ್ಷಿನ ಬಾಯಿಂದ ಎರಡು ತೆಳ್ಳನೆಯ ಧಾರೆಗಳು ಹೊರಟವು. ಮೂಲೆಯ ಕಿಟಕಿಯನ್ನೇ ಮೊದಲು ಹಿಡಿದಳು. ಚೌಕಟ್ಟು, ಅಂಚು, ಗಾಜು. ಹಳೆಯ ಗೆರೆಗಳೆಲ್ಲ ಕರಗಿ ಇಳಿದು ಹೋದವು. ಬ್ರಷ್ಷನ್ನು ಎತ್ತಿ ಹಿಡಿದು ಸಾಕೆನಿಸುವಷ್ಟು ಜಾಲಾಡಿಸಿದಳು.

ಬೇರೆ ದಿನವಾದರೆ ಹಿಂಬದಿ ಮುಗಿಸಿದ ಮೇಲೆ ಮುಂಬದಿಗೆ ಹೋಗುತ್ತಿದ್ದಳು. ಗಾಜು ಆರುವುದನ್ನು ನಿಂತು ನೋಡುವಷ್ಟು ಪುರುಸೊತ್ತು ಯಾರಿಗಿದೆ? ಇವತ್ತು ಮಾತ್ರ ಉಳಿದ ಕಿಟಕಿಗಳನ್ನು ಮುಗಿಸಿದವಳೇ ಕೋಲನ್ನು ಹುಲ್ಲಿನ ಮೇಲೆ ಮಲಗಿಸಿ, ಕಾಂಪೌಂಡಿನ ಮರದ ಹಿಂದೆ ಕಳ್ಳಿಯ ಹಾಗೆ ನಿಂತು, ಆ ಒಂದು ಕಿಟಕಿಯ ಮೇಲೆ ಕಣ್ಣು ನೆಟ್ಟಳು. ತನಗೇ ನಗು ಬಂತು. ಪಾರಿವಾಳವೊಂದು ಬಂದು ಅಂಚಿನ ಮೇಲೆ ಕೂತಾಗ "ಸಿಕ್ಕಿಬಿದ್ದೆ!" ಅಂದುಕೊಂಡಳು. ಅದು ಅತ್ತಿತ್ತ ನೋಡಿ ಹಾರಿಹೋಯಿತು.

ಆಮೇಲೆ ಕಿಟಕಿ ಒಳಕ್ಕೆ ತೆರೆದುಕೊಂಡಿತು.

ಅದು ಮೆಟ್ಟಿಲ ಕಡೆಯ ಕಿಟಕಿ. ಉಳಿದವೆಲ್ಲ ಗೋಡೆಗೆ ಕೂರಿಸಿದ ಗಾಜು, ತೆರೆಯಲು ಬರುವುದು ಇದೊಂದೇ. ತೆರೆದ ಗಾಜಿನ ಹೊರಮೈ ಮೇಲೆ ಒಂದು ಕೈ ಆಡಿತು. ಕೈಯಲ್ಲಿ ನೀಲಿ ಅಂಚಿನ ಬಟ್ಟೆ. ಆ ಬಟ್ಟೆಯನ್ನು ಅವಳು ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದಳು. ಮಾವ ಏಣಿ ಹತ್ತುತ್ತಿದ್ದ ದಿನಗಳಲ್ಲಿ ಅದು ಅವರ ಎಡ ಹೆಗಲು ಬಿಟ್ಟು ಇಳಿದದ್ದೇ ಇಲ್ಲ.

"ಅಯ್ಯೋ ದೇವರೇ!" ಎಂದು ಟ್ಯಾಂಕನ್ನೂ ಬಿಚ್ಚದೆ ಓಡಿದಳು. ಲಿಫ್ಟಿನಲ್ಲಿ ಬೆನ್ನ ಹಿಂದೆ ಅರ್ಧ ಟ್ಯಾಂಕು ನೀರು ಕುಲುಕಿತು.

ಮಾವ ಊರುಗೋಲನ್ನು ಗೋಡೆಗೆ ಒರಗಿಸಿ, ಒಂದೇ ಕಾಲಿನ ಮೇಲೆ ಭಾರ ಹಾಕಿ, ಕಿಟಕಿಯ ಮೂಲೆಗಳನ್ನು ಉಗುರಿನಿಂದ ಬಟ್ಟೆ ತೂರಿಸಿ ಒರೆಸುತ್ತಿದ್ದರು. ಅವಳ ಹೆಜ್ಜೆ ಕೇಳಿ ಬೆಚ್ಚಿದರು.

"ಯಾರು? ಓ, ನೀನಾ. ಬೈಬೇಡಮ್ಮ. ನೀನು ಪಾಪ ಚೆನ್ನಾಗೇ ತೊಳೀತೀಯ, ಆದ್ರೆ ಒದ್ದೆ ಬಿಟ್ಟು ಹೋಗ್ತೀಯಲ್ಲ! ಬೆರಳಿಟ್ಟರೆ ಹನಿ. ಗಾಜು ಒದ್ದೆ ಬಿಟ್ಟು ಬಂದ್ರೆ ನನಗೆ ರಾತ್ರಿ ನಿದ್ದೆ ಹತ್ತಲ್ಲ. ಉಳಿದವು ತೆರೆಯೋಕೆ ಬರಲ್ಲ, ಇದೊಂದಾದ್ರೂ ನೆಟ್ಟಗಿರಲಿ ಅಂತ ಪ್ರತಿ ಸಲ ಬಂದು ಒರೆಸಿ ಹೋಗ್ತೀನಿ. ಆಯಮ್ಮ ದೂರು ಹೇಳಿದಷ್ಟೂ ಗಟ್ಟಿಯಾಗಿ ಒರೆಸ್ತಿದ್ದೀನಿ."

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಷ್ಟು ದಿನ ತಲೆ ತಿಂದ ಕಳ್ಳ ತನ್ನ ವ್ಯಾನಿನಲ್ಲೇ ಕೂತಿದ್ದ, ಅದೂ ತನ್ನ ಮರ್ಯಾದೆ ಕಾಯಲೆಂದು!

"ನೋಡು ಈಗ, ಕನ್ನಡಿ ಕನ್ನಡಿ," ಎಂದು ಮಾವ ಗಾಜನ್ನು ಬೆಳಕಿಗೆ ತಿರುಗಿಸಿದರು.

ಬಿಸಿಲು ನೇರವಾಗಿ ಬಿತ್ತು. ಗಾಜಿನ ತುಂಬ ಗೆರೆಗಳು, ಬಟ್ಟೆಯ ನಾರು. ಮಾವ ಹೆಮ್ಮೆಯಿಂದ ಅದನ್ನೇ ನೋಡುತ್ತಿದ್ದರು. ಅವಳ ನಗು ಅಲ್ಲೇ ಆರಿತು.

"ಮಾವ, ಗೆರೆ ಕಾಣ್ತಾ ಇಲ್ವಾ ನಿಮಗೆ?"

"ಗೆರೆನಾ? ಎಲ್ಲಿದೆ?"

ಮಾವ ಗಾಜಿಗೆ ಮುಖ ತಂದರು, ಇನ್ನೂ ಹತ್ತಿರ ತಂದರು, ಕೊನೆಗೆ ಬೆರಳಿನಿಂದ ತಡವಿದರು. ಆಮೇಲೆ ಬಟ್ಟೆಯನ್ನು ನಿಧಾನವಾಗಿ ಮಡಿಸತೊಡಗಿದರು.

"ಯಾವಾಗಿಂದ?" ಎಂದು ಕೇಳಿದಳು.

"ಬೀಳೋಕೂ ಮುಂಚಿನಿಂದ. ಮೊದಲು ಮಂಜು ಅಂದ್ಕೊಂಡೆ," ಎಂದರು ಮಾವ. "ಮನೇಲಿ ಹೇಳಬೇಡ ಕಣಮ್ಮ. ಗೊತ್ತಾದ್ರೆ ವ್ಯಾನಿಗೂ ಕರ್ಕೊಂಡು ಬರಲ್ಲ ನೀವು. ಆ ನಾಲ್ಕು ಗೋಡೆ ನೋಡ್ಕೊಂಡು ಕೂರೋಕೆ ನನ್ನ ಕೈಲಿ ಆಗಲ್ಲ."

ಇದೇ ಹೊತ್ತಿಗೆ ಬೀಗದ ಕೈಗಳ ಗೊಂಚಲಿನ ಸದ್ದು ಮೆಟ್ಟಿಲೇರಿ ಬಂತು. "ಏನು ನಡೀತಿದೆ ಇಲ್ಲಿ? ಯಾರು ಇವರು? ಕಿಟಕಿ ತೆಗೆದಿದ್ದು ಯಾರು?"

ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ನಮ್ಮ ಮಾವ, ಮೇಡಂ. ಗೆರೆ ಎಳೀತಾ ಇದ್ದಿದ್ದು ಇವರೇ. ನನ್ನ ಕೆಲಸ ಒದ್ದೆ ಅಂತ ಒರೆಸ್ತಾ ಇದ್ರು," ಎಂದಳು. ಮಾವ ಬೈಸಿಕೊಂಡ ಮಗುವಿನ ಹಾಗೆ ತಲೆ ತಗ್ಗಿಸಿದರು. "ಇನ್ನೊಂದೇ ಸಲ ತೊಳೀತೀನಿ. ನೀವಿಬ್ರೂ ಇಲ್ಲೇ ನಿಂತು ನೋಡಿ. ಯಾರೂ ಕೈ ಹಚ್ಚಬಾರದು, ಅಷ್ಟೇ."

ಮೇಲ್ವಿಚಾರಕಿ ಬೈಯಲೆಂದು ಬಾಯಿ ತೆರೆದರು. ಆದರೆ ಅವರಿಗೂ ಒಳಗೊಳಗೇ ಕುತೂಹಲ. "ಒರೆಸದೇ ಆರಿ ಸ್ವಚ್ಛ ಆಗುತ್ತಾ? ಸರಿ, ಅದನ್ನೂ ನೋಡೇ ಬಿಡೋಣ," ಎಂದು ಕಿಟಕಿ ಮುಚ್ಚಿ ಚಿಲಕ ಹಾಕಿದರು.

ಇಳಿಯುವ ಮುಂಚೆ ಅವಳು ಮಾವನ ಫೋನಿಗೆ ಕರೆ ಮಾಡಿ, ಸ್ಪೀಕರ್ ಹಾಕಿ, ಅವರ ಅಂಗಿಯ ಜೇಬಿಗೆ ಇಟ್ಟಳು. "ಮನೇಲಿ ಹೇಳ್ತೀನಿ ಮಾವ," ಎಂದು ತಗ್ಗಿದ ದನಿಯಲ್ಲಿ ಅಂದಳು. "ಕಣ್ಣಿನ ಡಾಕ್ಟರ ಹತ್ರಾನೂ ಕರ್ಕೊಂಡು ಹೋಗ್ತೀನಿ. ವ್ಯಾನಿಗೂ ಕರ್ಕೊಂಡು ಬರ್ತೀನಿ."

ಕೆಳಗೆ ಮತ್ತೆ ಪಂಪು ಹಾಡಿತು. ಬ್ರಷ್ಷು ಗಾಜು ಮುಟ್ಟಿದಾಗ ಒಳಗಿನಿಂದ ಮಾವ ಅಂಗೈ ಒತ್ತಿ ಹಿಡಿದದ್ದು ಕಾಣಿಸಿತು. "ಬಂತು ಬಂತು, ಕೈಗೆ ಗೊತ್ತಾಗ್ತಿದೆ!" ಎಂದಿತು ಫೋನು. ಅವಳು ಗೆರೆಯೆಲ್ಲ ತೊಳೆದು, ಟ್ಯಾಂಕಿನಲ್ಲಿದ್ದ ಅಷ್ಟೂ ನೀರನ್ನು ಸುರಿದು ಜಾಲಾಡಿಸಿ, ಕೋಲು ಇಳಿಸಿದಳು.

ಇನ್ನು ಮಾಡುವ ಕೆಲಸವೇ ಇರಲಿಲ್ಲ. ಮಾವ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದರು. ಆ ಕೈಗಳಿಗೆ ಅದೆಷ್ಟು ಸಂಕಟವಾಗುತ್ತಿದೆಯೋ ಎಂದುಕೊಂಡಳು.

"ಹನಿ ಹೋಯ್ತಾ ಮೇಡಂ?" ಎಂದು ಮಾವ ಕೇಳಿದ್ದು ಫೋನಿನಲ್ಲಿ ಬಂತು.

"ಎಲ್ಲಿ ಹೋಯ್ತು, ತುಂಬಾ ಇದೆ. ತಡೀರಿ."

ಸ್ವಲ್ಪ ಹೊತ್ತಾಯಿತು.

"ಈಗ?"

"ಮೇಲಿಂದು ಹೋಯ್ತು. ಕೆಳಗಡೆ ಇದೆ. ಅಯ್ಯೋ, ಕೈ ಹಚ್ಚಬೇಡಿ ಅಂದ್ರೆ! ಚಿಲಕದ ಮೇಲಿಂದ ಕೈ ತೆಗೀರಿ ಯಜಮಾನ್ರೇ!"

ಕೆಳಗಿನಿಂದ ಅವಳು "ಮಾವಾ!" ಎಂದು ಕೂಗಿದಳು. ಚಿಲಕದ ಹತ್ತಿರ ಹೋಗಿದ್ದ ಕೈ ಅಲ್ಲೇ ನಿಂತಿತು, ಮತ್ತೆ ಬೆನ್ನ ಹಿಂದಕ್ಕೆ ಹೋಯಿತು. ಮೇಲ್ವಿಚಾರಕಿ ಅವರ ಕೈಯಿಂದ ಬಟ್ಟೆಯನ್ನು ಮೆಲ್ಲಗೆ ಬಿಡಿಸಿಕೊಂಡರು. ಆಮೇಲೆ ಅವರೇ ಎಣಿಸತೊಡಗಿದರು, ಯಾರೂ ಕೇಳದಿದ್ದರೂ: "ಇನ್ನು ನಾಲ್ಕಿದೆ. ಮೂರು... ಒಂದು ಜಾರಿತು. ಎಡಗಡೆ ಮೂಲೇಲಿ ಒಂದೇ ಒಂದು ಇದೆ, ಹಟಮಾರಿ. ಹೋಗ್ತಿದೆ... ಹೋಗ್ತಿದೆ... ಹೋಯ್ತು!"

"ಹೇಗಿದೆ?" ಎಂದರು ಮಾವ.

ಮೇಲ್ವಿಚಾರಕಿ ಗಾಜಿಗೆ ಮುಖ ತಂದು ಮೂಲೆ ಮೂಲೆ ನೋಡಿದರು. "ಗಾಜೇ ಇಲ್ಲ ಅನ್ನೋ ಹಾಗಿದೆ ಯಜಮಾನ್ರೇ," ಎಂದರು. ಆಮೇಲೆ ಜೇಬಿನ ಫೋನಿಗೆ ಬಾಗಿ ಗಟ್ಟಿಯಾಗಿ, "ಕೇಳಿಸ್ತಾ ಅಮ್ಮಾ? ಏಣಿ ಬೇಡ ಅಂತ ನಿಮ್ಮ ಮನೆಯವರಿಗೆ ನಾನೇ ಹೇಳ್ತೀನಿ," ಎಂದರು. ಗೊಂಚಲು ಝಣಝಣ ಎನ್ನುತ್ತ ದೂರವಾಯಿತು.

ಅವಳು ಮರಕ್ಕೆ ಒರಗಿ ಮೇಲೆ ನೋಡಿದಳು. ಮಾವ ಒಬ್ಬರೇ ಕಿಟಕಿಯಲ್ಲಿ ಉಳಿದಿದ್ದರು. ಅವರು ಕೈ ಎತ್ತಿ ಬೀಸತೊಡಗಿದರು. ಅವಳು ನಿಂತಿದ್ದ ಮರದ ಕಡೆಗಲ್ಲ, ಗೇಟಿನಾಚೆಯ ಬಿಳಿ ವ್ಯಾನಿನ ಕಡೆಗೆ.

"ಕಾಣ್ತಾ ಇದ್ದೀಯಮ್ಮ," ಎಂದಿತು ಫೋನು, ಖುಷಿಯಿಂದ. "ಅಲ್ಲೇ ವ್ಯಾನಿನ ಪಕ್ಕದಲ್ಲಿ ನಿಂತಿದ್ದೀಯಲ್ಲ!"

"ಹೂಂ ಮಾವ," ಎಂದಳು. ಖಾಲಿ ಟ್ಯಾಂಕನ್ನು ಬೆನ್ನ ಮೇಲೆ ಸರಿ ಮಾಡಿಕೊಂಡು, ಕೋಲನ್ನು ಹೆಗಲಿಗೇರಿಸಿ, ಸದ್ದಾಗದ ಹಾಗೆ ಹುಲ್ಲು ದಾಟಿ, ಗೇಟು ದಾಟಿ ವ್ಯಾನಿನ ಪಕ್ಕಕ್ಕೆ ಹೋಗಿ ನಿಂತಳು. ಮೇಲಿನ ಕೈ ಇನ್ನೂ ಬೀಸುತ್ತಲೇ ಇತ್ತು. ಅವಳೂ ಕೈ ಎತ್ತಿದಳು.