ಕಳ್ಳನಿಗೊಂದು ದನಿ

“ಏನೇ ಇದು? ಕಳ್ಳನೂ ಇವಳೇ, ಪೊಲೀಸಿನವನೂ ಇವಳೇ, ಹೊರಗೆ ಬೀಸೋ ಗಾಳಿಯೂ ಇವಳೇ! ತೆಗೆದಿಡು ನಿನ್ನ ಡಬ್ಬಾನ,” ಎಂದು ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಸೊಸೆಗೆ ಅಳುವುದೊಂದು ಬಾಕಿ. ಪತ್ತೇದಾರಿ ಕಾದಂಬರಿ ಕೈಗೆ ಸಿಕ್ಕರೆ ಹಾಲು ಉಕ್ಕಿದರೂ ಏಳದ ಹೆಂಗಸು ಇವರು! ಕಣ್ಣು ಹೋದ ಮೇಲೆ ಯಾರಿಗೂ ಬೇಡವಾದವರ ಹಾಗೆ ಹಗಲೆಲ್ಲ ಮಲಗಿರುತ್ತಾರೆ. ಕಂಪ್ಯೂಟರ್ ಪುಸ್ತಕವನ್ನೇನೋ ಓದಿ ಹೇಳುತ್ತಿತ್ತು, ಆದರೆ ಎಲ್ಲಕ್ಕೂ ಒಂದೇ ಹೆಣ್ಣು ದನಿ. ಯಾರ ಮಾತು ಯಾವುದೆಂದು ಅವರಿಗೆ ತಿಳಿಯುತ್ತಿರಲಿಲ್ಲ.

“ಇನ್ನೊಂದೇ ಒಂದು ಸಲ, ಅತ್ತೆ.”

“ಇದೇ ಕೊನೆ. ಆಮೇಲೆ ನನ್ನೆದುರು ಪುಸ್ತಕದ ಹೆಸರು ಎತ್ತಬೇಡ.”

ಮಕ್ಕಳ ಕಂಪ್ಯೂಟರ್ ಆಟಗಳಿಗೆ ಲುವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವುದು ಸೊಸೆಯ ಕೆಲಸ. ಉದ್ಧರಣ ಚಿಹ್ನೆಗಳ ನಡುವೆ ಇರುವ ಮಾತನ್ನು ಹುಡುಕಿ ಗಂಡು ದನಿಗೆ ಕೊಟ್ಟು, ಮಿಕ್ಕದ್ದನ್ನು ಹೆಣ್ಣು ದನಿಗೆ ಬಿಟ್ಟರಾಯಿತು ಎಂದುಕೊಂಡಳು. ಎರಡು ಚಿಹ್ನೆ, ನಡುವೆ ಯಾವ ಅಕ್ಷರವಾದರೂ ಸರಿ ಎನ್ನುವ ಒಂದು ಚುಕ್ಕಿ, ಎಷ್ಟಿದ್ದರೂ ಸರಿ ಎನ್ನುವ ಒಂದು ನಕ್ಷತ್ರ. ಗುಂಡಿ ಒತ್ತಿದಳು. ಗಡಸು ದನಿ ಹೊರಟಿತು. ಅತ್ತೆ ಇತ್ತ ಹೊರಳಿದರು.

“ಓಹೋ! ‘ಎಂದು ಕಳ್ಳ ಪಿಸುಗುಟ್ಟಿದ’ ಅಂತ ಕಳ್ಳನೇ ಹೇಳ್ಕೋತಾನಾ? ಚೆನ್ನಾಗಿದೆ ಬಿಡು!”

ಸೊಸೆ ಹಣೆ ಚಚ್ಚಿಕೊಂಡಳು. ಆ ನಕ್ಷತ್ರ ಶುದ್ಧ ದುರಾಸೆಯದು. ಪ್ಯಾರಾದ ಮೊದಲ ಚಿಹ್ನೆಯಿಂದ ಕಟ್ಟಕಡೆಯ ಚಿಹ್ನೆಯವರೆಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡಿತ್ತು. ಎರಡು ಮಾತುಗಳ ನಡುವೆ ತನ್ನ ಪಾಡಿಗೆ ತಾನಿದ್ದ ಕಥೆಗಾರ, ಪಾಪ, ಕಳ್ಳನ ಗಂಟಲೊಳಗೆ ಹೋಗಿಬಿಟ್ಟಿದ್ದ. ನಕ್ಷತ್ರವನ್ನು ಅಳಿಸಿ ಆ ಜಾಗದಲ್ಲಿ ಪುಟ್ಟದೊಂದು ಅಡ್ಡಗೆರೆ ಹಾಕಿದಳು. ಇದಕ್ಕಾದರೋ ಸಣ್ಣ ಹೊಟ್ಟೆ, ಹತ್ತಿರದ ಚಿಹ್ನೆ ಸಿಕ್ಕ ಕೂಡಲೇ ಸಾಕು ಅನ್ನುತ್ತದೆ. ಅತ್ತೆ ಆಗಲೇ ಹೊದಿಕೆ ಎಳೆದುಕೊಳ್ಳುತ್ತಿದ್ದರು. ಸೊಸೆ ಗುಂಡಿ ಒತ್ತಿದಳು.

“ಒಳಗೆ ಯಾರೋ ಇದ್ದಾರೆ,” ಎಂದಿತು ಗಡಸು ದನಿ. ‘ಎಂದು ಕಳ್ಳ ಪಿಸುಗುಟ್ಟಿದ,’ ಎಂದಿತು ಹೆಣ್ಣು ದನಿ. ಮತ್ತೆ ಗಡಸು ದನಿ: “ದೀಪ ಆರಿಸು.”

ಹೊದಿಕೆ ಎಳೆಯುತ್ತಿದ್ದ ಕೈ ನಿಂತಿತು. ಅತ್ತೆ ನಿಧಾನವಾಗಿ ಎದ್ದು ಕುಳಿತರು.

“ಆರಿಸ್ಬೇಡ್ವೋ ದಡ್ಡ, ಸಿಕ್ಕಿಬೀಳ್ತೀಯ!”

ಅಬ್ಬಾ! ಸೊಸೆಗೆ ನಗುವೂ ಬಂತು, ಕಣ್ಣೂ ತುಂಬಿತು. ಕಂಪ್ಯೂಟರನ್ನು ಮೆಲ್ಲಗೆ ಅತ್ತೆಯ ಹತ್ತಿರಕ್ಕೆ ಸರಿಸಿದಳು.

ಅಷ್ಟರಲ್ಲಿ ಮಗ ಕೆಲಸದಿಂದ ಬಂದವನು ಬಾಗಿಲಿನಿಂದಲೇ “ಅಮ್ಮಾ…” ಎಂದ.

ಅತ್ತೆ ಅವನತ್ತ ಕೈ ಎತ್ತಿದರು. “ಶ್! ಸುಮ್ನಿರೋ. ಪೊಲೀಸಿನವನು ಮಾತಾಡ್ತಿದಾನೆ.”

ಬಿಚ್ಚಿದ ಒಂದು ಶೂ ಕೈಯಲ್ಲಿ, ಇನ್ನೊಂದು ಕಾಲಲ್ಲಿ, ಮಗ ಹೊಸ್ತಿಲಲ್ಲೇ ನಿಂತ.