ಅಕ್ಕನ ಕೆಮ್ಮು

ಹಾಸಿಗೆ ಹೊಲಿಯುವ ಆ ಅಂಗಡಿಯಲ್ಲಿ ಕೆಮ್ಮದವರೇ ಇರಲಿಲ್ಲ. ಹತ್ತಿ ಬಿಡಿಸುವ ಯಂತ್ರ ಗುರುಗುಟ್ಟತೊಡಗಿದರೆ ಗಾಳಿಯ ತುಂಬ ಬಿಳಿ ಧೂಳು; ಹುಬ್ಬು, ರೆಪ್ಪೆ, ಗಂಟಲು ಯಾವುದನ್ನೂ ಬಿಡುತ್ತಿರಲಿಲ್ಲ. ಇಲ್ಲಿ ಕೆಮ್ಮದೇ ಇರುವವನು ಕೆಲಸಕ್ಕೆ ಬಂದವನಲ್ಲ, ನೆಂಟಸ್ತನಕ್ಕೆ ಬಂದವನು ಎಂದು ಅಲ್ಲೇ ಹೊಲಿಯುತ್ತಿದ್ದ ಅಕ್ಕತಂಗಿಯರ ಸೋದರಮಾವ, ಅಂಗಡಿಯ ಯಜಮಾನ, ನಗೆಯಾಡುತ್ತಿದ್ದ. ಹಾಗಾಗಿ ಅಕ್ಕ ತಿಂಗಳುಗಟ್ಟಲೆ ಕೆಮ್ಮಿದರೂ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕ್ಷಯವೆಂದು ಗೊತ್ತಾಗುವಾಗ ಕೈಮೀರಿತ್ತು. ಜೊತೆಯಲ್ಲಿದ್ದವರೆಲ್ಲ ಕಫ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿದ್ದನ್ನು, ಅಕ್ಕ ಹೋದ ಸಂಕಟದಲ್ಲಿ, ತಂಗಿ ಕಿವಿಗೇ ಹಾಕಿಕೊಳ್ಳಲಿಲ್ಲ.

ಅಕ್ಕ ಕೂರುತ್ತಿದ್ದ ಮಣೆ ಹತ್ತಿರಾಶಿಯ ಹಿಂದೆ ಹಾಗೇ ಉಳಿಯಿತು. ಕೆಲವು ತಿಂಗಳಿಂದ ಯಂತ್ರದ ಸದ್ದಿನ ನಡುವೆ ಆ ಕಡೆಯಿಂದ ತಂಗಿಗೆ ಅಕ್ಕನ ಕೆಮ್ಮು ಕೇಳಿಸತೊಡಗಿತ್ತು. ಎರಡು ಸಣ್ಣದು, ಆಮೇಲೆ ಒಂದು ಆಳದ್ದು. ಹೇಳಿದರೆ ತಲೆ ಕೆಟ್ಟಿದೆ ಅಂದಾರು ಎಂದು ಸುಮ್ಮನಿದ್ದಳು.

ಒಂದು ದಿನ ಯಂತ್ರ ಕೆಟ್ಟು ಕೂತಿತು. ಬಿಡಿಭಾಗ ಬರುವತನಕ ಬರೀ ಕೈಹೊಲಿಗೆ. ಧೂಳು ನೆಲ ಸೇರಿತು; ವಾರ ಕಳೆಯುವಷ್ಟರಲ್ಲಿ ಎಲ್ಲರ ಗಂಟಲೂ ತಿಳಿಯಾಯಿತು. ಮಾವನೂ ಕೆಮ್ಮು ಮರೆತ. ಆದರೂ ಮಧ್ಯಾಹ್ನದ ಮೌನದಲ್ಲಿ ಅಕ್ಕ ಕೆಮ್ಮಿದಳು. ತಂಗಿ ಸೂಜಿ ಹಿಡಿದುಕೊಂಡೇ ಮಣೆಯತ್ತ ತಿರುಗಿದಳು. ಉಳಿದವರೆಲ್ಲ ಅವಳತ್ತ ತಿರುಗಿದ್ದರು.

"ಥೇಟ್ ನಿಮ್ಮಕ್ಕನ ಥರಾನೇ ಕೆಮ್ತೀಯಲ್ಲೇ," ಎಂದ ಮಾವ. ಈ ಸಲ ನಗಲಿಲ್ಲ.

ಅವಳಿಗೆ ಮೊದಲು ನೆನಪಾದದ್ದು ಮಗಳು. ಒಂದೇ ಕೋಣೆ, ಒಂದೇ ಹಾಸಿಗೆ, ಚಳಿಗೆಂದು ಮುಚ್ಚಿದ ಕಿಟಕಿ. ಅಮ್ಮನ ಕುತ್ತಿಗೆಗೆ ಮೂಗು ಒತ್ತದೆ ಆ ಪುಟ್ಟಿಗೆ ನಿದ್ದೆಯೇ ಹತ್ತದು. ಕತ್ತರಿಸಿ ಉಳಿದಿದ್ದ ಬಟ್ಟೆಯನ್ನು ಮೂಗು ಬಾಯಿಗೆ ಬಿಗಿದು ಆಸ್ಪತ್ರೆಗೆ ನಡೆದಳು.

ಕಫದಲ್ಲಿ ಕಾಯಿಲೆ ಕಂಡಿತು. ಮಾತ್ರೆ ತಪ್ಪಿಸದೆ ನುಂಗಿದರೆ ವಾಸಿಯಾಗುತ್ತದೆ ಎಂದು ಅದೇ ನರ್ಸಮ್ಮ ಧೈರ್ಯ ಹೇಳಿ, ಮರುದಿನ ಬೆಳಿಗ್ಗೆಯೇ ಮಗುವನ್ನೂ ಕರೆತರಲು ಹೇಳಿದರು.

ಸಂಜೆ ಅವಳು ಕಿಟಕಿಯ ಎರಡೂ ಬಾಗಿಲು ತೆರೆದಳು. ತಾನೇ ಹೊಲಿದ ಚಿಕ್ಕ ಹಾಸಿಗೆಯನ್ನು ಕಿಟಕಿಯ ಪಕ್ಕ ಬಿಡಿಸಿ, ತನ್ನದನ್ನು ದೂರದ ಮೂಲೆಗೆ ಎಳೆದುಕೊಂಡಳು.

"ನಾನೇನ್ ಮಾಡ್ದೆ ಅಮ್ಮಾ?"

"ನೀನೇನೂ ಮಾಡಿಲ್ಲ ಕಂದಾ. ಅಲ್ಲೇ ಮಲ್ಕೋ. ಗಾಳಿ ಚೆನ್ನಾಗಿ ಬರತ್ತೆ."

ಮಗಳು ಮುನಿಸಿಕೊಂಡು ಗೋಡೆಗೆ ಮುಖ ಮಾಡಿದಳು. ಬೀದಿಯ ಸದ್ದು ತಗ್ಗಿತು. ಆಗ ಕೆಮ್ಮು ಕೇಳಿಸಿತು, ಸಣ್ಣದು. ಅವಳು ಬಟ್ಟೆಯ ಮೇಲಿಂದಲೇ ತನ್ನ ಬಾಯಿ ಮುಟ್ಟಿ ನೋಡಿಕೊಂಡಳು. ತುಟಿ ಬಿಗಿದೇ ಇತ್ತು. ಕಿಟಕಿಯ ಪಕ್ಕದಿಂದ ಮತ್ತೊಂದು, ಅದೂ ಸಣ್ಣದು.

ಉಸಿರು ಬಿಗಿಹಿಡಿದು, ಮೂರನೆಯದು ಬಾರದಿರಲಿ ಎಂದು ಕಾಯುತ್ತ ಕೂತಳು.